ದನಿ ಎತ್ತಿ, ಆದರೆ ಮೆಲ್ಲಗೆ

ಶ್ರಾವಣದಲ್ಲಿ, ಬನಹಟ್ಟಿಯ ಒಂದು ಕಲ್ಯಾಣ ಮಂಟಪದಲ್ಲಿ, ನನ್ನ ಕಣ್ಣೆದುರೇ ಒಬ್ಬ ಹೆಂಗಸಿನ ಮೈಕ್ ಬಂದ್ ಮಾಡಿಸಿದರು. ಮಾಡಿಸಿದವರು ಯಾರು ಅಂತೀರಿ? ಹೆಂಗಸರ ದನಿಗಾಗಿಯೇ ಹುಟ್ಟಿಕೊಂಡ ಸಂಸ್ಥೆಯವರು. ಹಿಂದೆ ಬ್ಯಾನರ್ ತೂಗುತ್ತಿತ್ತು: 'ಏಳು ಅಕ್ಕಾ, ಎತ್ತು ದನಿ!'

ವೇದಿಕೆಯ ಮೇಲೆ ನಾನೂ ಇದ್ದೆ. (ಅಂಕಣ ಬರೆಯುವವರಿಗೆ ಒಂದು ಶಾಲು ಹೊದಿಸಿದರೆ ನಾಲ್ಕು ಒಳ್ಳೆಯ ಮಾತು ಬರೀತಾರೆ ಅನ್ನುವ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ. ಶಾಲು ಚೆನ್ನಾಗಿತ್ತು. ಥ್ಯಾಂಕ್ಸ್.)

ಮೈಕ್ ಕಳೆದುಕೊಂಡವಳು ಮಹಾದೇವಿ. ರಬಕವಿಯಲ್ಲಿ ನಮ್ಮ ಓಣಿಯವಳೇ. ಅವಳ ಮಗಳಿಗೆ ನಾನು ಶಾಲೆಯಲ್ಲಿ ಪಾಠ ಹೇಳಿದ್ದೆ, ಹಾಗಾಗಿ ನಾನು ಅವಳಿಗೆ 'ಅಕ್ಕೋರು'. ದಿನಾ ಬನಹಟ್ಟಿಯ ಪಾವರ್‌ಲೂಮ್ ಶೆಡ್ಡಿಗೆ ಹೋಗಿ ಕಂಡಕಿ ಸುತ್ತುತ್ತಾಳೆ, ಅಂದರೆ ಲಾಳಿಯೊಳಗೆ ಕೂರುವ ಕಡ್ಡಿಗೆ ನೂಲು ಸುತ್ತುವ ಕೆಲಸ. ಆ ಶೆಡ್ಡಿನ ಸದ್ದು ನೀವು ಕೇಳಿರಬೇಕು. ಅಲ್ಲಿ ಪಕ್ಕದವಳ ಹತ್ತಿರ ಎಲೆ ಅಡಿಕೆ ಕೇಳಬೇಕಾದರೂ ಮಗ್ಗಗಳ ಸದ್ದು ಮೀರಿಸಿ ಕೂಗಬೇಕು. ಕೂಗಿ ಕೂಗಿ ಮಹಾದೇವಿಗೆ ಸಣ್ಣ ದನಿಯೇ ಮರೆತುಹೋಗಿದೆ. ನನ್ನ ಬಾಗಿಲಿಗೆ ಗುಟ್ಟು ಹೇಳಲು ಬರುತ್ತಾಳೆ, ಇಡೀ ಓಣಿ ಕೇಳಿಸಿಕೊಂಡು ಮರುದಿನ ನನಗೇ ಸಲಹೆ ಕೊಡುತ್ತದೆ.

ಇಂಥವಳಿಗೆ ಆ ಸಂಸ್ಥೆಯವರಿಂದ ದನಿ ಎತ್ತುವ ಟ್ರೇನಿಂಗ್!

ದೊಡ್ಡ ಊರಿನಿಂದ ಬಂದ ಟ್ರೇನರ್ ಮೇಡಂ, 'ಕಣ್ಣು ಮುಚ್ಚಿ, ಉಸಿರು ತಗೊಳ್ಳಿ, ಈಗ ಹೊಟ್ಟೆಯೊಳಗಿಂದ ಆ... ಅನ್ನಿ' ಅಂದರಂತೆ. ಮಹಾದೇವಿ ಅಂದಳು. ಮೇಡಂ ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ಬಿತ್ತು. ಅಲ್ಲಿಂದ ಮುಂದಿನ ಟ್ರೇನಿಂಗ್ ಎಲ್ಲಾ ಅವಳ ದನಿ ಇಳಿಸುವುದಕ್ಕೇ ಖರ್ಚಾಯಿತು. 'ಸಾಫ್ಟ್ ಆಗಿ ಹೇಳಿ ಮಹಾದೇವಿ, ಇಲ್ಲಾಂದ್ರೆ ಅಗ್ರೆಸಿವ್ ಅನ್ಸುತ್ತೆ.' ಎತ್ತಿ, ಆದರೆ ಯಾರಿಗೂ ಕೇಳದಷ್ಟು ಎತ್ತಿ. ಇದಕ್ಕೂ ಟ್ರೇನಿಂಗ್ ಬೇಕೇ? ಇದನ್ನು ನಮ್ಮ ಅತ್ತೆಯಂದಿರು ಫ್ರೀಯಾಗಿಯೇ ಕಲಿಸಿದ್ದರಲ್ಲ!

ಅವಳಿಗೆ ಹೇಳಬೇಕಿದ್ದುದು ಒಂದೇ ಮಾತು. ಶೆಡ್ಡಿನಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲ. ಗಂಡಸರಿಗೆ ಕಾಂಪೌಂಡಿನ ಗೋಡೆ ಇದೆ (ಅದು ಎಲ್ಲ ಊರಲ್ಲೂ ಇದೆ). ಹೆಂಗಸರು ಬೆಳಗ್ಗೆ ಬಂದವರು ಸಂಜೆ ಮನೆ ಮುಟ್ಟುವವರೆಗೆ ತಡೆದುಕೊಳ್ಳಬೇಕು. ಅದಕ್ಕೆ ನೀರೇ ಕುಡಿಯುವುದಿಲ್ಲ. ಬೇಸಿಗೆಯಲ್ಲಿ ಇವಳಿಗೆ ಉರಿಮೂತ್ರ, ಚಳಿಜ್ವರ. ಜಮಖಂಡಿಯ ಡಾಕ್ಟರಿಗೆ ತೋರಿಸಿಕೊಂಡು ಬಂದು ನನ್ನ ಕಟ್ಟೆಯ ಮೇಲೆ ಕೂತಳು.

"ನೀರ ಭಾಳ ಕುಡಿ, ಇಲ್ಲಾಂದ್ರ ಮೂತ್ರಪಿಂಡ ಕೆಡ್ತಾವ ಅಂದ್ರರಿ ಡಾಕ್ಟರ್. ಕುಡದ್ರ ಎಲ್ಲಿ ಹೋಗ್ಲಿ ಅಂತ ಕೇಳಿದ್ನಿ. ಅದಕ್ಕ ನನ್ನ ಹಂತ್ಯಾಕ ಔಷಧ ಇಲ್ಲವ್ವಾ ಅಂದ್ರು."

ಅವಳು ನಕ್ಕಳು. ಬಾಯಾರಿದರೂ ನೀರಿಗೆ ಹೆದರುವುದು ಎಂಥಾ ಬಾಳು?

ಕಲ್ಯಾಣ ಮಂಟಪದಲ್ಲಿ ನಡೆದ ಟ್ರೇನಿಂಗಿನ ಸಮಾರೋಪದಲ್ಲಿ ಮಾತಾಡಲು ಅವಳನ್ನೇ ಆರಿಸಿದ್ದರು. ವಿಷಯ: 'ನನ್ನ ಪಯಣ'. ಸಂಸ್ಥೆಯ ಸೆಕ್ರೆಟರಿ ಮೇಡಂ ಮೊದಲೇ ತಾಕೀತು ಮಾಡಿದ್ದರು. "ಟಾಯ್ಲೆಟ್ ಅದು ಇದು ಬೇಡಮ್ಮ. ಪಾಸಿಟಿವ್ ಆಗಿರಲಿ." ಯಾಕೆಂದರೆ ಅಂದಿನ ಮುಖ್ಯ ಅತಿಥಿ ಅದೇ ಶೆಡ್ಡಿನ ಸಾಹುಕಾರರು. ಮಂಟಪ ಅವರದು, ಬ್ಯಾನರ್ ಅವರದು, ಹೋಳಿಗೆ ಊಟವೂ ಅವರದೇ. ತಮ್ಮ ಭಾಷಣದಲ್ಲಿ ಅವರು ಹೆಣ್ಣನ್ನು ಭೂಮಿ ಅಂದರು, ನದಿ ಅಂದರು, ಕೊನೆಗೆ 'ನಮ್ಮ ಶೆಡ್ಡಿನ ತಾಯಂದಿರು' ಅಂದು ಕೈ ಮುಗಿದರು. ಚಪ್ಪಾಳೆ.

ಮಹಾದೇವಿ ಮೈಕ್ ಹಿಡಿದಳು.

"ಪಯಣ ಅಂದ್ರ ಎಲ್ಲಿಂದ ಎಲ್ಲಿಗಿ ಬಂದಿ ಅನ್ನೂದು ಅಂತ ಮೇಡಮ್ಮಾರು ಹೇಳ್ಯಾರ. ನಾ ದಿನಾ ರಬಕವಿಯಿಂದ ಬನಹಟ್ಟಿಗಿ ಬರ್ತೀನ್ರಿ. ಪಯಣ ಅಷ್ಟ. ಬಂದ ಮ್ಯಾಲ ಒಂದಕ್ಕ ಹೋಗಾಕ ಜಾಗಾ ಇಲ್ರಿ."

ಮೈಕ್ ಕುಂಯ್ಯೋ ಎಂದು ಅರಚಿತು. ಸೆಕ್ರೆಟರಿ ಮೇಡಂ ಸೌಂಡಿನವನಿಗೆ ಕೈಸನ್ನೆ ಮಾಡಿದರು. ಅವನು ಸ್ವಿಚ್ ಆರಿಸಿದ.

ಎಡವಟ್ಟಾದದ್ದೇ ಅಲ್ಲಿ. ಕಂಡಕಿ ಸುತ್ತುವವಳ ಬಾಯಿ ಮುಚ್ಚಿಸಲು ಮೈಕ್ ಆರಿಸುವ ಬುದ್ಧಿವಂತರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮೈಕ್ ಆರಿದ್ದು ಮಹಾದೇವಿಗೆ ಗೊತ್ತೇ ಆಗಲಿಲ್ಲ. ನಮಗೆ ಮಾತ್ರ ಆ ಅರಚಾಟ ತಪ್ಪಿ ಅವಳ ಮಾತು ಸ್ವಚ್ಛ ಕೇಳತೊಡಗಿತು. ಅಡುಗೆ ಮನೆಯಿಂದ ಹೋಳಿಗೆ ಬೇಯಿಸುವವರೂ ಹೊರಗೆ ಬಂದು ನಿಂತರು.

"ಸಾವುಕಾರ್ರ, ಈಗ ನಮಗ ತಾಯಂದಿರು ಅಂದ್ರಿ. ಭಾಳ ಛಲೋ ಆತು. ತಾಯಿಗಿ ಒಂದ ಸಂಡಾಸ ಕಟ್ಟಸ್ರೆಲಾ!"

ಆ ಚಪ್ಪಾಳೆಯನ್ನು ಯಾವ ಟ್ರೇನರ್ ಕೂಡ ಕಲಿಸಿರಲಿಲ್ಲ. ಸಾಹುಕಾರರ ಮುಖ ಹುಣಸೆಹಣ್ಣು ತಿಂದಂತಾಯಿತು. ಆದರೂ ಎದ್ದು ನಿಂತರು (ಅಷ್ಟರಲ್ಲಿ ಮೈಕಿಗೆ ಜೀವ ಬಂದಿತ್ತು, ನೋಡಿ!). "ಕಟ್ಟಿಸ್ತೀನಿ" ಅಂದರು. ಮೊಬೈಲುಗಳು ಮೇಲೆದ್ದವು. ಸೆಕ್ರೆಟರಿ ಮೇಡಂ ವಂದನಾರ್ಪಣೆಯಲ್ಲಿ, 'ಇದು ನಮ್ಮ ತರಬೇತಿಯ ಫಲ' ಅಂದರು. ಅವಳ ಬಾಯಿ ತೆರೆದ ಫೋಟೋ ಈಗ ಸಂಸ್ಥೆಯ ಕ್ಯಾಲೆಂಡರಿನ ಮೇಲಿದೆ. ಸಂಸ್ಥೆಯ ಮುಂದಿನ ಸಭೆಗಳಿಗೆ ಮಾತ್ರ ಅವಳಿಗೆ ಕರೆ ಇಲ್ಲ. ಕೇಳಿದರೆ, 'ಅವರು ಆಲ್ರೆಡಿ ಸಬಲರು' ಅಂದರು.

ಇರಲಿ. ಸಾಹುಕಾರರು ಮಾತಿಗೆ ತಪ್ಪಲಿಲ್ಲ, ಅದನ್ನೂ ಹೇಳಬೇಕು. ದೀಪಾವಳಿಯ ಹೊತ್ತಿಗೆ ಶೌಚಾಲಯ ಎದ್ದು ನಿಂತಿತು. ಗುಲಾಬಿ ಬಣ್ಣ, ಬಿಳಿ ಟೈಲ್ಸು, ಗ್ರಾನೈಟಿನ ಮೇಲೆ ಸಂಸ್ಥೆಯ ಹೆಸರು. ನಲ್ಲಿಯಲ್ಲಿ ನೀರೂ ಬರುತ್ತದಂತೆ. ಬಾಗಿಲಿಗೆ ಕೀಲಿ ಹಾಕಿದೆ.

ನಾನು ಸೆಕ್ರೆಟರಿ ಮೇಡಂಗೆ ಫೋನ್ ಮಾಡಿದೆ. "ಉದ್ಘಾಟನೆ ಆಗ್ಬೇಕಲ್ಲ ಮೇಡಂ! ಮಾರ್ಚಿನಲ್ಲಿ ಮಹಿಳಾ ದಿನಕ್ಕೆ ಇಟ್ಕೊಂಡಿದೀವಿ. ಅಲ್ಲೀವರೆಗೆ ಯೂಸ್ ಮಾಡಿದ್ರೆ ಫೋಟೋದಲ್ಲಿ ಹಳೇದು ಅನ್ಸುತ್ತೆ. ನೀವೂ ಬರ್ಬೇಕು." ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಇರಬೇಕು.

ಸಂಜೆ ಶೆಡ್ಡಿನಿಂದ ಬಂದ ಮಹಾದೇವಿಗೆ ಇದನ್ನೆಲ್ಲ ಹೇಳಿದೆ. ಅವಳು ಇಡೀ ಓಣಿಗೆ ಕೇಳುವಂತೆ ಕೇಳಿದಳು:

"ಹಂಗಾದ್ರ ಮಾರ್ಚಿನತನಾ ತಡಕೊಂಡಿರ್ಬೇಕೇನ್ರಿ, ಅಕ್ಕೋರ?"