ಮಗ್ಗ ಹೊಡೀಲೇನು?

ಇವತ್ತು ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನೂಲಿಗೆ ಹಚ್ಚುವ ಗಂಜಿಯ ವಾಸನೆ ಬಂತು.

ಕೊಣ್ಣೂರಿನಲ್ಲಿ ಹೊಳೆ ಊರೊಳಗೆ ನುಗ್ಗಿ ನಮ್ಮ ಮನೆಯ ಗೋಡೆ ಬಿದ್ದ ವರ್ಷ, ಸಣ್ಣವಳಾಗಿದ್ದ ನನ್ನನ್ನು ಇಲ್ಲಿ ಸೀರೆ ನೇಯುವ ದೊಡ್ಡವ್ವನ ಹತ್ತಿರ ಬಿಟ್ಟಿದ್ದರು. ಮಗ್ಗದ ಮೊದಲ ಹೊಡೆತಕ್ಕೇ ನಾನು ಮಂಚದ ಕೆಳಗೆ ಸೇರಿಕೊಂಡೆ. ಗೋಡೆ ಬಿದ್ದಾಗಲೂ ಅಂಥದೇ ಸಪ್ಪಳವಾಗಿತ್ತು.

“ಎಳದ ಹೊರಗ ತಗಿ, ರೂಢಿ ಆಗತೈತಿ,” ಅಂದರು ದೊಡ್ಡಪ್ಪ.

“ನಿಮ್ಮನ್ನ ಯಾರರ ಕಾಲ ಹಿಡದ ಎಳದ್ರ ರೂಢಿ ಆಗತೈತೇನ್ರಿ?” ಅಂದಳು ದೊಡ್ಡವ್ವ.

ಆಮೇಲೆ ಪ್ರತಿ ಸಲ ಮಗ್ಗಕ್ಕೆ ಕೂತಾಗಲೂ ಮಂಚದ ಕಡೆ ಬಾಗಿ ಕೇಳುತ್ತಿದ್ದಳು: “ಸಪ್ಪಳ ಆಗತೈತಿ ನೋಡವ್ವಾ. ಮಗ್ಗ ಹೊಡೀಲೇನು?” ನಾನು ಬೇಡವೆಂದು ತಲೆಯಾಡಿಸಿದರೆ ಎದ್ದು ಹೋಗಿ ನೂಲು ಸುತ್ತುತ್ತಿದ್ದಳು. ಯಾಕೆ ಅಂಜಿಕೆ ಎಂದು ಒಮ್ಮೆಯೂ ಕೇಳಲಿಲ್ಲ. ಒಪ್ಪಿಕೊಂಡಿದ್ದ ಸೀರೆ ತಡವಾಯಿತು.

“ಈ ಸಾವಕಾರ್ತಿ ಅಪ್ಪಣಿ ಇಲ್ಲದ ನಮ್ಮ ಮಗ್ಗ ನಡಿಯೂದಿಲ್ಲೇನ?” ಎಂದು ದೊಡ್ಡಪ್ಪ ಗೊಣಗಿದರು.

ಒಂದು ಮುಂಜಾನೆ ಅವಳು ಕೇಳಿದಾಗ ನಾನು, “ಹೂಂ, ಹೊಡಿ ದೊಡ್ಡವ್ವಾ,” ಅಂದೆ. ಅವಳು ಒಂದೇ ಒಂದು ಸಲ ಹೊಡೆದು ನಿಲ್ಲಿಸಿದಳು. ನಾನು ಗೋಡೆ ನೋಡಿದೆ. ಅದು ನಿಂತೇ ಇತ್ತು.

“ಇನ್ನೊಂದ?” ಅಂದಳು. ನಾನು ಮಂಚದ ಕೆಳಗಿನಿಂದ ಹೊರಗೆ ಬಂದೆ.

ಇವತ್ತು ಆ ಓಣಿಯಲ್ಲಿ, ನಾಲ್ಕು ಮಗ್ಗಗಳ ಸದ್ದಿನ ನಡುವೆ ನಿಂತು, ಅವಸರವಿಲ್ಲದೆ ಒಂದು ಸೀರೆ ಆರಿಸಿದೆ.