ಮುಚ್ಚಳಕ್ಕೆ ಕೊಟ್ಟ ಸೀರೆ

ಸ್ಟೀಲಿನ ಡಬರಿಗೆ ಆರು ಹಳೆ ಸೀರೆ, ಅದರ ಮುಚ್ಚಳಕ್ಕೆ ಇನ್ನೊಂದು. ಡಬರಿ ಬೇಕಾಗಿದ್ದು ನನ್ನ ಹೊಲಿಗೆ ಅಂಗಡಿಯ ಹೆಣ್ಣುಮಕ್ಕಳಿಗೆ ಚಹಾ ಕಾಸಲಿಕ್ಕೆ. ಒಂದೇ ಮಷೀನಿನಿಂದ ಶುರು ಮಾಡಿ ಇಳಕಲ್ಲಿನಲ್ಲಿ ಎರಡು ಅಂಗಡಿ ಮಾಡಿದವಳು ನಾನು, ಮುಚ್ಚಳ ಬಿಟ್ಟು ಡಬರಿ ತಗೊಳ್ಳೋ ಪೈಕಿ ಅಲ್ಲ.

ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಹುನಗುಂದದಿಂದ ಬುಟ್ಟಿ ಹೊತ್ತು ಬರುತ್ತಾಳೆ. ಅವತ್ತು ಅವ್ವ ಗುಡಿಗೆ ಹೋಗಿದ್ದಳು. ನನ್ನ ಸೀರೆ ಆರಕ್ಕೇ ಮುಗಿದವು. ಅವ್ವನ ಟ್ರಂಕಿನ ತಳದಿಂದ ಮಾಸಿದ ನೂಲಿನ ಸೀರೆಯೊಂದನ್ನು ಎಳೆದು ತಂದೆ. ಅಂಥ ಸೀರೆ ನಮ್ಮೂರಲ್ಲಿ ಮನೆಗೊಂದು.

ಪಾತ್ರೆಯವಳು ಮೂಸಿ ನೋಡಿದಳು. "ತೊಳದಿಲ್ಲರಿ ಅಕ್ಕಾರ, ಬೆವರ ವಾಸನಿ ಐತಿ. ಅರ್ಧಾ ಸೀರಿ ಅಂತ ಹಿಡೀತೇನಿ."

"ಒಂದ ಸಲ ಸಾಬಾಣ ತಿಕ್ಕಿದ್ರ ಹೋಗ್ತೈತಿ. ಮುಚ್ಚಳ ತೆಗಿ."

"ನಿಮ್ಮ ಕೂಡ ವ್ಯಾಪಾರಕ್ಕ ನಿಂತ್ರ ನಾ ಬುಟ್ಟಿನೂ ಬಿಟ್ಟು ಹೋಗಬೇಕ್ರಿ" ಅಂತ ನಕ್ಕು ಕೊಟ್ಟಳು.

ಸಂಜೆ ಟ್ರಂಕಿನ ಮುಂದೆ ಕೂತ ಅವ್ವ ಏಳಲಿಲ್ಲ. "ತಳದಾಗಿನ ಸೀರಿ ಎಲ್ಲೈತಿ?"

"ಆ ಹರಕ ಸೀರಿ ಏನ್ ಮಾಡ್ತೀಬೇ? ಮುಚ್ಚಳ ಬಂತು."

"ನಿನ್ನ ತಂಗೀದು ಯವ್ವಾ ಅದು. ದವಾಖಾನಿಗೆ ಹೋಗೋ ಮುಂಜಾನಿ ಬಿಚ್ಚಿಟ್ಟದ್ದು. ನಾ ತೊಳದಿದ್ದಿಲ್ಲ."

ತಂಗಿ ಬಾಗಲಕೋಟೆಯ ಆ ದವಾಖಾನೆಯಿಂದ ತಿರುಗಿ ಬರಲಿಲ್ಲ, ಮೂರು ವರ್ಷವಾಯಿತು. ಅವಳ ಒಳ್ಳೆ ಸೀರೆಗಳನ್ನು ಬಂಧುಗಳಿಗೆ ಹಂಚಿದವಳು ನಾನೇ. ಇದೊಂದನ್ನು ಅವ್ವ ಇಟ್ಟುಕೊಂಡದ್ದು ಗೊತ್ತಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹುನಗುಂದಕ್ಕೆ ಹೋದೆ. ಪಾತ್ರೆಯವಳ ಮನೆ ಕೇಳುತ್ತ ಹೋದರೆ ಅಂಗಳದ ಹಗ್ಗದ ಮೇಲೆ ಆ ಸೀರೆ ಒಣಗುತ್ತಿತ್ತು.

"ನಿಮ್ಮ ಮಾತು ಖರೆ ಆತ್ರಿ ಅಕ್ಕಾರ, ಒಂದ ತೊಳತಕ್ಕ ವಾಸನಿ ಹೋತು" ಅಂದಳು. ಸಂಗತಿ ಹೇಳಿದ ಮೇಲೆ ಹಗ್ಗದಿಂದ ತೆಗೆದು ಮಡಚಿ ಕೊಟ್ಟಳು. ಮುಚ್ಚಳ ವಾಪಸ್ ತಂದು ಕೊಡ್ತೇನೆ ಅಂದರೆ ಬೇಡ ಅಂದಳು.

ಮನೆಗೆ ತಂದು ಕೊಟ್ಟಾಗ ಅವ್ವ ಸೀರೆಯನ್ನು ಮುಖಕ್ಕೆ ಹಿಡಿದಳು. ಭಾಳ ಹೊತ್ತು ಹಿಡಿದಳು. "ಚಲೋ ತೊಳದಾಳ" ಅಂದಳು. ಟ್ರಂಕಿನಲ್ಲಿ ಇಡದೆ ನನ್ನ ಕೈಗೇ ಕೊಟ್ಟಳು. "ಇನ್ನ ನಿನಗ ಬೇಕಾದ್ದ ಮಾಡು."

ಹಳೆ ಬಟ್ಟೆ ಕೊಡುವಾಗ ಚೌಕಾಸಿ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದರೆ ಮೊದಲು ಒಂದೊಂದನ್ನೂ ಬಿಚ್ಚಿ ಮನೆಯವರಿಗೆ ತೋರಿಸ್ರಿ. ತೊಳೆಯದೆ ಮಡಚಿಟ್ಟ ಬಟ್ಟೆ ಕೈಗೆ ಬಂದರೆ, ಯಾರದು ಅಂತ ಕೇಳುವ ತನಕ ನೀರಿಗೆ ಹಾಕಬ್ಯಾಡ್ರಿ. ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ, ಅವರ ಬಟ್ಟೆ ಹಂಚುವ ಮುನ್ನವೇ ಹಿರಿಯರನ್ನು ಕೇಳಿ ಒಂದನ್ನು ಬೇರೆ ಗಂಟು ಕಟ್ಟಿ, ಎಲ್ಲರಿಗೂ ಹೇಳಿ ಇಡ್ರಿ.