ಚಾಚಾ, ನಿಮ್ಮ ಕಿವಿ ಚೆನ್ನಾಗಿಯೇ ಇದೆ

ರಾಜಾಸಾಬ್ ಚಾಚಾ, ನಿಮ್ಮ ಕಿವಿಗೆ ಏನೂ ಆಗಿಲ್ಲ. ಕಿವಿ ಮಂದವಾಗಿದೆ ಎಂದು ಬರೆದು ಶಾಲೆಯವರು ನಿಮ್ಮಿಂದ ವ್ಯಾನ್ ಕಿತ್ತುಕೊಂಡರಲ್ಲ, ಆ ಕಾಗದ ಸುಳ್ಳು. ಅದು ಸುಳ್ಳೆಂದು ಅವತ್ತೇ ನನಗೆ ಗೊತ್ತಾಗಿತ್ತು — ಗೊತ್ತಾಗಿಯೂ ಎಂಟು ತಿಂಗಳು ಸುಮ್ಮನಿದ್ದೆ.

ಮಾನ್ವಿಯ ನಮ್ಮ ಶಾಲೆಯಲ್ಲಿ ಚಾಲಕರ ಕಿವಿ ತಪಾಸಣೆ ನಡೆದ ದಿನ ಕಂಪ್ಯೂಟರ್ ಮುಂದೆ ಕೂತವಳು ನಾನು, ಆಫೀಸಿನ ಕ್ಲರ್ಕ್. ಹೆಡ್‌ಫೋನಿನಲ್ಲಿ ಸದ್ದು ಕೇಳಿದಾಗ ನೀವು ಕೈ ಎತ್ತಬೇಕು, ನಾನು ಗುರುತು ಹಾಕಬೇಕು. ನೀವು ಕೈ ಎತ್ತಲೇ ಇಲ್ಲ.

"ಏನೂ ಬರವಲ್ದು ಬೇಟಿ. ಹೊರಗ ಹುಡುಗ್ರ ಗದ್ಲ ಕೇಳ್ತದ, ನಿನ್ನ ಮಷೀನ್ ಒಂದೇ ಮಾತಾಡವಲ್ದು," ಎಂದಿರಿ.

ತಪಾಸಣೆಗೆ ಬಂದವರು "ವಯಸ್ಸಾತ್ರೀ ಚಾಚಾ" ಎಂದು ನಕ್ಕು ಸಹಿ ಹಾಕಿದರು.

ನೀವು ಹೋದ ಮೇಲೆ ಹೆಡ್‌ಫೋನನ್ನು ನಾನೇ ಹಾಕಿಕೊಂಡೆ. ನನಗೂ ಕೇಳಲಿಲ್ಲ. ಪಿನ್ ಒರೆಸಿ ಮತ್ತೆ ಚುಚ್ಚಿದೆ, ವಾಲ್ಯೂಮ್ ಪೂರ್ತಿ ಏರಿಸಿದೆ — ಆದರೂ ಪಿಸುಮಾತಿನಷ್ಟೇ. ಆಮೇಲೆ ಕಂಡಿತು. ಬೆಳಿಗ್ಗೆ ಅದೇ ಕಂಪ್ಯೂಟರಿನಿಂದ ತಂಗಿಗೆ ಮಾಡಿದ ವಿಡಿಯೋ ಕಾಲ್ ಪರದೆಯ ಹಿಂಬದಿಯಲ್ಲಿ ತೆರೆದೇ ಇತ್ತು. ಕಾಲ್ ನಡೆಯುತ್ತಿದ್ದರೆ ಆ ಕಂಪ್ಯೂಟರ್ ಉಳಿದ ಸದ್ದನ್ನೆಲ್ಲ ತಾನೇ ತಗ್ಗಿಸುತ್ತದೆ. ಅದನ್ನು ಮುಚ್ಚಿದೆ. ಅಷ್ಟರಲ್ಲಿ ಮುಂದಿನ ಚಾಲಕ ಹನುಮಂತಪ್ಪಣ್ಣ ಕುರ್ಚಿಗೆ ಬಂದು ಕೂತಿದ್ದರು. ಏರಿಸಿದ ವಾಲ್ಯೂಮ್ ಹಾಗೇ ಉಳಿಯಿತು. ಅವರು ಪ್ರತಿ ಸಲವೂ ಕೈ ಎತ್ತಿದರು. ನಿಮ್ಮ ವ್ಯಾನ್ ಅವರಿಗೆ ಹೋಯಿತು.

ನಿಮ್ಮನ್ನು ಮತ್ತೆ ಕರೆಸಬಹುದಿತ್ತು. ಆದರೆ ಕೆಲಸದ ಹೊತ್ತಿನಲ್ಲಿ ತಂಗಿಯ ಮದುವೆ ಸೀರೆ ನೋಡುತ್ತಿದ್ದೆ ಎಂದು ಎಲ್ಲರ ಮುಂದೆ ಹೇಳಬೇಕಾಗುತ್ತಿತ್ತು — ಅಷ್ಟು ಸಣ್ಣ ನಾಚಿಕೆಗೆ —

ಮೊನ್ನೆ ಪೋತ್ನಾಳದ ಹತ್ತಿರ ನನ್ನ ಸ್ಕೂಟಿ ಆ ವ್ಯಾನಿನ ಹಿಂದೆಯೇ ಇತ್ತು. ಭತ್ತದ ಲಾರಿಯೊಂದು ಹಾರ್ನ್ ಹೊಡೆಯುತ್ತಲೇ ಬಂದು ನನ್ನನ್ನು ದಾಟಿತು. ಅದೇ ಹೊತ್ತಿಗೆ ವ್ಯಾನ್ ಬಲಕ್ಕೆ ತಿರುಗಿತು. ಲಾರಿ ಕಿರುಚಿಕೊಂಡು ನಿಂತಾಗ ಎರಡರ ನಡುವೆ ಒಂದು ಗೇಣು. ಹಿಂದಿನ ಗಾಜಿನಲ್ಲಿ ಒಂದನೇ ತರಗತಿಯ ಹುಡುಗಿ ನನ್ನನ್ನು ಗುರುತಿಸಿ ಟಾಟಾ ಮಾಡುತ್ತಿದ್ದಳು.

ಹನುಮಂತಪ್ಪಣ್ಣ ಇಳಿದು ಲಾರಿಯವನನ್ನು ಕೇಳಿದರು: "ಲೇ ತಮ್ಮಾ, ಒಂದು ಹಾರ್ನ್ ಹೊಡಿಯಾಕ ಏನಾಗಿತ್ತು ನಿನಗ?"

ಅವತ್ತು ಇಳಿಸದೇ ಬಿಟ್ಟ ವಾಲ್ಯೂಮ್ ನನಗೆ ಆಗ ನೆನಪಾಯಿತು. ಈಗಲೂ ಕಣ್ಣು ಮುಚ್ಚಿದರೆ ಆ ಒಂದು ಗೇಣೇ ಕಾಣುತ್ತದೆ — ಅದೂ ಇರದಿದ್ದರೆ —

ನಿನ್ನೆ ಹೆಡ್ ಸರ್ ಮುಂದೆ ಎಲ್ಲವನ್ನೂ ಹೇಳಿದೆ, ಬರೆದೂ ಕೊಟ್ಟೆ. ನನ್ನನ್ನು ಏನು ಮಾಡುತ್ತಾರೆಂದು ಕೇಳಲಿಲ್ಲ. ವ್ಯಾನ್ ನಿಲ್ಲಿಸಿದ್ದಾರೆ. ಹನುಮಂತಪ್ಪಣ್ಣ ಮೊದಲು ನನ್ನ ಮೇಲೆ ರೇಗಿದರು, ಆಮೇಲೆ ಮೆತ್ತಗಾದರು. "ಕಿವಿ ತೋರ್ಸು ಅಂತ ನನ್ನ ಹೇಣ್ತಿ ವರ್ಷದಿಂದ ಒದರಾಕತ್ಯಾಳ. ನಾ ನಿನ್ನ ಕಾಗದ ತೋರ್ಸಿ ಆಕಿ ಬಾಯಿ ಮುಚ್ಚಸ್ತಿದ್ದೆ ನೋಡವ್ವ," ಎಂದರು. ಸೋಮವಾರ ನಿಮ್ಮಿಬ್ಬರನ್ನೂ ರಾಯಚೂರಿನ ಕಿವಿ ಡಾಕ್ಟರ ಬಳಿ ಕಳಿಸಲು ಸರ್ ಒಪ್ಪಿದ್ದಾರೆ. ನಿಮ್ಮ ಕಿವಿ ಸರಿಯಿದ್ದರೆ ವ್ಯಾನಿನ ಕೀಲಿ ನಿಮಗೇ.

ಇದನ್ನು ಅಂಚೆಗೆ ಹಾಕುವುದಿಲ್ಲ ಚಾಚಾ. ನೀವೀಗ ಕೂರುವ ದೇವದುರ್ಗದ ನಿಮ್ಮ ಅಳಿಯನ ಹಣ್ಣಿನಂಗಡಿಯಲ್ಲಿ ಗಿರಾಕಿಗಳೆಲ್ಲ ನಿಮ್ಮ ಹತ್ತಿರ ಕೂಗಿ ಮಾತಾಡುತ್ತಾರಂತೆ. ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ, ಅವರೆಲ್ಲರ ಮುಂದೆಯೇ ಓದುತ್ತೇನೆ. ಮೆಲ್ಲಗೆ ಓದುತ್ತೇನೆ — ನಿಮಗೆ ಕೇಳುತ್ತದೆ.